ನಾಲ್ಕು ತಾಲ್ಲೂಕು ಗೆದ್ದ ಬೋಂಡ, ಮೇಲೇಳದ ಅಕ್ಕ

ಕೆಲವರ ಜಾತಕದಲ್ಲಿ ರಾಜಯೋಗ ಇರುತ್ತದೆ, ಕೆಲವರದರಲ್ಲಿ ವಿದೇಶ ಪ್ರಯಾಣ ಇರುತ್ತದೆ. ನನ್ನದರಲ್ಲಿ ಬರೆದಿರುವುದು ಇಂಥ ಪ್ರಸಂಗಗಳು ಮಾತ್ರ. ನಾನು ಸುಮ್ಮನೆ ಜಗಲಿ ಮೇಲೆ ಕೂತಿದ್ದರೂ ವಿಳಾಸ ಕೇಳಿಕೊಂಡು ಮನೆಗೇ ಬರುತ್ತವೆ.

ನಾನು ಹುಣಸೂರಿನಲ್ಲಿ ಹೈಸ್ಕೂಲು ಪೀಟಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ನಾನು ಸೀಟಿ ಊದಿದರೆ ಲಕ್ಷ್ಮಣತೀರ್ಥ ನದಿಯೂ ಒಂದು ಗಳಿಗೆ ಸಾಲಾಗಿ ನಿಲ್ಲುತ್ತಿತ್ತು ಎಂದು ಹಳೇ ವಿದ್ಯಾರ್ಥಿಗಳು ಇವತ್ತಿಗೂ ಹೇಳುತ್ತಾರೆ. ಹೇಳದವರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಇಂಥ ನಾನು ಈಗ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂಬ ನಾಲ್ಕು ತಾಲ್ಲೂಕಿಗೆ ಹಬ್ಬಿರುವ ಸೇವಾ ಸಂಸ್ಥೆಯೊಂದರ ಸಂಸ್ಥಾಪಕ ಅಧ್ಯಕ್ಷ. ಸಾಕುಪ್ರಾಣಿಗಳನ್ನು ಕಾಯಿಲೆಯವರ ಹತ್ತಿರ, ವಯಸ್ಸಾದವರ ಹತ್ತಿರ, ಮಂಕಾಗಿ ಕೂತವರ ಹತ್ತಿರ ಕರೆದುಕೊಂಡು ಹೋಗಿ ಮನಸ್ಸು ಹಗುರ ಮಾಡುವುದು ನಮ್ಮ ಕೆಲಸ. ಕೇಂದ್ರ ಕಚೇರಿ ನಮ್ಮ ಮನೆ ಜಗಲಿ. ಆಡಳಿತ ಮಂಡಳಿಯಲ್ಲಿ ನಾನು, ನಮ್ಮ ನಾಯಿ ಬೋಂಡ. ತೀರ್ಮಾನ ಅವನದು, ಸಹಿ ನನ್ನದು.

ಇಷ್ಟು ದೊಡ್ಡ ಸಂಸ್ಥೆ ಹುಟ್ಟಿದ್ದು ಒಬ್ಬಳೇ ಒಬ್ಬಳಿಗಾಗಿ.

ಒಂದು: ಉದ್ಘಾಟನೆ

ನಮ್ಮಕ್ಕ ಇರುವುದು ಹುಣಸೂರಿನ ಹತ್ತಿರದ ಕಟ್ಟೆಮಳಲವಾಡಿಯಲ್ಲಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಸಾಕಿದವಳು. ಆ ಸೊಂಟವೇ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಮುರಿಯಿತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಡಾಕ್ಟರು, "ಮೂಳೆ ಕೂಡಿದೆ, ನಡೀಬಹುದು. ಇರೋದು ಭಯ ಒಂದೇ. ಇನ್ನು ಎರಡು ತಿಂಗಳೊಳಗೆ ಎದ್ದು ನಿಲ್ಲಲಿಲ್ಲ ಅಂದ್ರೆ ಕಾಲಿನ ಶಕ್ತಿ ಹೋಗುತ್ತೆ, ಆಮೇಲೆ ನನ್ನ ಕೈಲೂ ಏನೂ ಆಗಲ್ಲ" ಅಂದರು. ಅಕ್ಕ ಮಂಚ ಬಿಟ್ಟು ಏಳಲಿಲ್ಲ. "ಬಿದ್ದೋಳಿಗೆ ಗೊತ್ತು ನೆಲದ ರುಚಿ" ಅಂತ ಒಂದೇ ಮಾತು. ತಂದುಕೊಟ್ಟ ವಾಕರ್ ಮೇಲೆ ಸೊಸೆ ಟವೆಲ್ಲು ಒಣಗಹಾಕುತ್ತಿದ್ದಳು.

ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗಿ ಒಂದು ದಿನ, "ದೊಡ್ಡ ಊರುಗಳಲ್ಲಿ ಪೇಷೆಂಟ್ ಹತ್ರ ನಾಯಿ ಕರ್ಕೊಂಡು ಹೋಗ್ತಾರೆ ಸಾರ್, ಅವರಿಗೆ ಉತ್ಸಾಹ ಬರುತ್ತೆ" ಅಂದಳು. ಮಾರನೆಯ ದಿನವೇ ನಾನು ಬೋಂಡನಿಗೆ ಸ್ನಾನ ಮಾಡಿಸಿ, ಪೌಡರ್ ಹಾಕಿ, ಕತ್ತಿಗೆ ಕೆಂಪು ಟೇಪು ಕಟ್ಟಿ, ಸ್ಕೂಟರಿನ ಮುಂದೆ ಕೂರಿಸಿಕೊಂಡು ಹೊರಟೆ. ಬೋಂಡ ಅಪ್ಪಟ ಬೀದಿ ತಳಿ. ಮೈ ಬೋಂಡದ ಬಣ್ಣ, ಆಕಾರವೂ ಅದೇ.

ಅಕ್ಕ ಮಲಗಿದ್ದಲ್ಲಿಂದಲೇ ನೋಡಿದಳು. "ಏನ್ಲಾ ಇದು?"

"ಚಿಕಿತ್ಸೆ ಕಣಕ್ಕ."

"ನಾಯೀನ ನೋಡಿ ನಾನು ಎದ್ದೇಳ್ಬೇಕಾ? ಪೆನ್ಶನ್ ಬಂದಂಗೆ ನಿನ್ ಬುದ್ಧಿ ಹೋಯ್ತಾ ಐತೆ ಕಣ್ಲಾ. ಹೊಸ್ತಿಲು ದಾಟಿಸ್ಬ್ಯಾಡ ಅದನ್ನ!"

ಬೋಂಡ ಹೊಸ್ತಿಲಲ್ಲೇ ನಿಂತು ಅಕ್ಕನಿಗೆ ಮುಂಗಾಲೆತ್ತಿ ನಮಸ್ಕಾರ ಮಾಡಿದ. ಅಕ್ಕ ಗೋಡೆ ಕಡೆ ತಿರುಗಿಕೊಂಡಳು. ಆದರೆ ಪಕ್ಕದ ಮನೆಯ ಗೌಡರು, ಬಿ.ಪಿ. ಬಂದು ಮುಖ ಊದಿಸಿಕೊಂಡು ಕೂತಿದ್ದವರು, ಆ ನಮಸ್ಕಾರ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆ ನರ್ಸಮ್ಮ ಅಳೆದರೆ ಬಿ.ಪಿ. ಸರಿಯಾಗಿತ್ತು! ಗೌಡರು ಊರೆಲ್ಲ ಸಾರಿದರು. ಹೀಗೆ ಕಾಯಿಲೆ ನಮ್ಮಕ್ಕನದು, ವಾಸಿಯಾಗಿದ್ದು ಪಕ್ಕದ ಮನೆಯವರಿಗೆ, ಹೆಸರು ಬಂದಿದ್ದು ನನಗೆ.

ಎರಡು: ಪ್ರವೇಶ ಪರೀಕ್ಷೆ

ಸುದ್ದಿ ಹರಡಿದ ವಾರದಲ್ಲೇ ಹುಣಸೂರಿನ ಹನ್ನೊಂದು ಜನ ತಮ್ಮ ತಮ್ಮ ನಾಯಿ ಹಿಡಿದುಕೊಂಡು ಸ್ವಯಂಸೇವಕರಾಗಲು ಬಂದರು. ಸಿಕ್ಕಸಿಕ್ಕವರನ್ನು ಸೇರಿಸಿಕೊಳ್ಳಲು ಇದೇನು ಮದುವೆ ಊಟದ ಪಂಕ್ತಿಯೇ? ನಾನು ಮೈದಾನದಲ್ಲಿ ಪರೀಕ್ಷೆ ಇಟ್ಟೆ. ಹಿಂದಿನಿಂದ ಸ್ಟೀಲ್ ತಟ್ಟೆ ಬೀಳಿಸಿದಾಗ ಬೆಚ್ಚಬಾರದು. ಎದುರಿಗೆ ಬಿಸ್ಕತ್ತಿಟ್ಟರೂ ಅಪ್ಪಣೆ ಇಲ್ಲದೆ ಮುಟ್ಟಬಾರದು. ಪಕ್ಕದವರ ಮೇಲೆ ಗುರ್ ಅನ್ನಬಾರದು.

ತಟ್ಟೆ ಬಿತ್ತು. ಹನ್ನೊಂದು ನಾಯಿಯೂ ಕಲ್ಲಿನ ಹಾಗೆ ಕೂತಿದ್ದವು. ಮಾಲೀಕರಲ್ಲಿ ನಾಲ್ಕು ಜನ ಕಿರುಚಿದರು, ಒಬ್ಬರು ಎದೆ ಹಿಡಿದುಕೊಂಡು ನೆಲಕ್ಕೆ ಕೂತರು. ಬಿಸ್ಕತ್ತಿಟ್ಟು ತಿರುಗಿ ನೋಡುವಷ್ಟರಲ್ಲಿ ಒಬ್ಬ ಮಾಲೀಕರ ಬಾಯಿ ಆಡುತ್ತಿತ್ತು. ಮೂರನೆಯ ಪರೀಕ್ಷೆಯಲ್ಲಿ, "ನಿಮ್ಮ ನಾಯಿಗಿಂತ ನಮ್ಮದು ಚೂಟಿ ಕಣ್ರೀ" ಎಂಬ ಮಾತಿಗೆ ಇಬ್ಬರು ಕೊರಳಪಟ್ಟಿ ಹಿಡಿದುಕೊಂಡರು. ನಾಯಿಗಳು ಒಂದನ್ನೊಂದು ನೋಡಿಕೊಂಡು ತಲೆ ತಗ್ಗಿಸಿದವು.

ಫಲಿತಾಂಶ ಪ್ರಕಟಿಸಿದೆ: ನಾಯಿಗಳು ನೂರಕ್ಕೆ ನೂರು ಪಾಸು. ಮಾಲೀಕರಿಗೆ ಮೂರು ದಿನ ತರಬೇತಿ ಶಿಬಿರ.

ಮೂರು: ಪಿರಿಯಾಪಟ್ಟಣ ಶಾಖೆ

ಪಿರಿಯಾಪಟ್ಟಣದಲ್ಲಿ ಹಿರಿಯರ ಆರೈಕೆ ಮನೆಯೊಂದಿದೆ. ಅಲ್ಲಿನ ಶಾಖೆಗೆ ಸೇರಿದ ತಂಬಾಕು ಬೆಳೆಗಾರರೊಬ್ಬರಿಗೆ, "ನಿಮ್ಮ ಸಾಕುಪ್ರಾಣಿ ತನ್ನಿ" ಅಂದಿದ್ದೆ. ಅವರು ತಂದದ್ದು ಟಗರು. ಕರಿ ಮೈ, ಸುರುಳಿ ಕೊಂಬು, ಕತ್ತಿನಲ್ಲಿ ಗೆಜ್ಜೆ.

"ಇದೇನ್ರೀ?" ಅಂದೆ.

"ಸಾಕಿದ್ದೇ ಅಲ್ವಾ ಸಾರ್? ಇದಕ್ಕೆ ನನ್ ಕೈಯಾರೆ ಉಳ್ಳಿಕಾಳು ತಿನ್ನಿಸಿವ್ನಿ."

ವಾದ ಮಾಡಲು ಜಾಗವಿರಲಿಲ್ಲ. ಒಳಗೆ ಬಿಟ್ಟೆವು. ಅಲ್ಲಿ ಲಕ್ವ ಹೊಡೆದು ಬಲಗೈ ಮುದುಡಿದ್ದ ಅಜ್ಜ ಒಬ್ಬರಿದ್ದರು. ತಿಂಗಳುಗಟ್ಟಲೆ ಚೆಂಡು ಕೊಟ್ಟು ಹಿಸುಕಿ ಅಂದರೂ ಬೆರಳು ಬಿಚ್ಚದವರು. ಟಗರು ಹತ್ತಿರ ಹೋಯಿತು. ಅಜ್ಜನ ಕಣ್ಣು ಅರಳಿತು. ಮುದುಡಿದ ಕೈ ಮೆಲ್ಲಗೆ ಬಿಚ್ಚಿ ಟಗರಿನ ಬೆನ್ನ ಮೇಲೆ ಕೂತಿತು. ಐದೂ ಬೆರಳು ಬೆನ್ನುಮೂಳೆ ಅಕ್ಕಪಕ್ಕ ಅಮುಕಿ ಅಮುಕಿ ನೋಡಿದವು. ನಮ್ಮ ಜೊತೆ ಬಂದಿದ್ದ ಫಿಸಿಯೋ ಹುಡುಗಿ, "ಸಾರ್, ಬೆರಳು! ಬೆರಳು!" ಅಂತ ಕುಣಿಯತೊಡಗಿದಳು.

ಅಜ್ಜ ಬಾಯಿಬಿಟ್ಟರು: "ಹದಿನೆಂಟು ಕೇಜಿ ಬೀಳ್ತದೆ."

ಪಕ್ಕದ ಮಂಚದವರು ಎದ್ದು ಕೂತರು. "ಎಲ್ಲಿ ತತ್ತಾ ಇಲ್ಲಿ. ಹದಿನೆಂಟಾ? ಇಪ್ಪತ್ತೆರಡಕ್ಕೆ ಕಮ್ಮಿ ಇಲ್ಲ ಕಣಯ್ಯ!" ಮೂಲೆಯಲ್ಲಿ ಮಂಕಾಗಿದ್ದ ಇನ್ನೊಬ್ಬರು ತೊಡೆ ಹಿಡಿದು ನೋಡಬೇಕು ಅಂತ ಕೋಲೂರಿಕೊಂಡು ಬಂದೇಬಿಟ್ಟರು. ಅರ್ಧ ಗಂಟೆಯಲ್ಲಿ ಆ ಮನೆಯ ಒಂಬತ್ತು ಜನರ ಕೈಗೂ ವ್ಯಾಯಾಮ ಆಯಿತು. ಟಗರು ಮಾತ್ರ ಮಂಚದ ಕೆಳಗೆ ತೂರಿಕೊಂಡು ಹೊರಗೆ ಬರಲೊಪ್ಪಲಿಲ್ಲ.

ಬೆಳೆಗಾರರು ಅದನ್ನು ಎಳೆದುಕೊಳ್ಳುತ್ತಾ ಬೇಜಾರಿನಿಂದ ಹೇಳಿದರು: "ಮುಂದಿನ್ ವಾರ ತರಾಕಿಲ್ಲ ಬುಡಿ ಸಾರ್. ಮೈ ಸವರ್ತಾವ್ರೆ ಸರಿ, ಆದ್ರೆ ಒಬ್ರ ಕಣ್ಣಲ್ಲೂ ಪ್ರೀತಿ ಇಲ್ಲ, ಬರೀ ಮಸಾಲೆ."

ಇದನ್ನು ಅಕ್ಕನ ಮಂಚದ ಪಕ್ಕ ಕೂತು ಅಭಿನಯ ಸಮೇತ ಹೇಳಿದೆ. ನಕ್ಕಳು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಹಂಗಾದ್ರೆ ಏಳಕ್ಕ, ಎರಡು ಹೆಜ್ಜೆ" ಅಂದೆ. ನಗು ನಿಂತಿತು. "ನೀನು ಮನೆಗೋಗು" ಅಂದಳು.

ಒಂದು ತಿಂಗಳು ಹೋಗಿತ್ತು.

ನಾಲ್ಕು: ಕೆ.ಆರ್. ನಗರದಲ್ಲಿ ಓದು

ಕೆ.ಆರ್. ನಗರದ ಕಡೆಯ ಒಂದು ಶಾಲೆಯಲ್ಲಿ ಮಕ್ಕಳು ಗಟ್ಟಿಯಾಗಿ ಓದಲು ಹೆದರುತ್ತಿದ್ದರು. ನಾಯಿಗೆ ಓದಿ ಹೇಳಿದರೆ ಧೈರ್ಯ ಬರುತ್ತದೆ ಎಂದು ನಮ್ಮನ್ನು ಕರೆಸಿದರು. ಬೋಂಡ ಮರದ ಕೆಳಗೆ ಕೂತ. ತೊದಲುತ್ತಿದ್ದ ಒಬ್ಬಳು ಪುಟ್ಟ ಹುಡುಗಿ ಇಡೀ ಪಾಠ ಓದಿ ಮುಗಿಸಿ, "ಮಿಸ್, ಇವನು ತಪ್ಪು ಹಿಡಿಯಲ್ಲ, ಮಧ್ಯೆ ಕೆಮ್ಮಲ್ಲ" ಅಂದಳು. ಮಿಸ್ಸು ಕೆಮ್ಮಿದರು.

ಅಲ್ಲಿಗೆ ಮುಗಿಯಬೇಕಿತ್ತು. ಮಧ್ಯಾಹ್ನ ಬಿಸಿಯೂಟದ ಅಡುಗೆಯಮ್ಮ ಬೋಂಡನ ಪಕ್ಕ ಕೂತು ನಾದಿನಿಯ ವಿಷಯ ಹೇಳಿಕೊಂಡರು. ಆಮೇಲೆ ಗಣಿತದ ಮೇಷ್ಟ್ರು ಬಂದರು. ಮೂರು ಗಂಟೆಗೆ ಹೆಡ್ಮಾಸ್ಟರು, "ಐದು ನಿಮಿಷ ನಾಯೀನ ಕಳಿಸಿಕೊಡ್ತೀರಾ?" ಅಂತ ತಮ್ಮ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಒಂದು ಗಂಟೆ ಆಯಿತು. ಬಾಗಿಲು ತೆರೆದಾಗ ಅವರ ಮುಖ ತೊಳೆದಿಟ್ಟ ಕಂಚಿನ ಚೆಂಬಿನ ಹಾಗೆ ಹೊಳೆಯುತ್ತಿತ್ತು. ಬೋಂಡನ ಕಿವಿ ಎರಡೂ ಜೋತುಬಿದ್ದಿದ್ದವು.

"ಟ್ರಾನ್ಸ್‌ಫರ್ ವಿಷಯದಿಂದ ಹಿಡಿದು ಎಲ್ಲಾ ಹೇಳ್ಕೊಂಡೆ ಮೇಷ್ಟ್ರೇ" ಅಂದರು. "ಎಂಥಾ ಸಂಭಾವಿತ ಪ್ರಾಣಿ! ಒಂದು ಗಂಟೇಲಿ ಒಂದ್ ಸಲಾನೂ 'ಅಯ್ಯೋ, ನಂದೂ ಅದೇ ಕಥೆ' ಅಂತ ಶುರು ಮಾಡ್ಲಿಲ್ಲ."

ಐದು: ಕೋಟೆ ಗಡಿಯಲ್ಲಿ

ಎಚ್.ಡಿ. ಕೋಟೆ ಶಾಖೆಯವರು ಬೀಚನಹಳ್ಳಿಯ ಆಚೆ ಕಾಡಂಚಿನ ಗಿರಿಜನರ ಹಾಡಿಯೊಂದಕ್ಕೆ ಕರೆದರು. ಹೋದ ತಕ್ಷಣ ನಾನು ಭಾಷಣ ಮಾಡಿದೆ, ಪ್ರಾಣಿಗಳ ಸಹವಾಸದಿಂದ ಮನುಷ್ಯನ ಎದೆಬಡಿತ ನಿಧಾನವಾಗುತ್ತದೆ ಎಂದು. ರಾಗಿ ಕೇರುತ್ತಿದ್ದ ಅಜ್ಜಿಯೊಬ್ಬರು ಮೊರ ನಿಲ್ಲಿಸದೆ ಕೇಳಿಸಿಕೊಂಡು, "ಹೌದಾ ಸಾಮಿ? ನಿನ್ನೆ ಬೆಳಗ್ಗೆ ಆನೆ ಬಂದು ಬಾಳೆ ಮುರ್ಕೊಂಡು ಹೋಯ್ತು, ಅದೂ ನಿಮ್ಮ ಸಂಘದ್ದೇನಾ?" ಅಂದರು.

ನಗು ನಿಲ್ಲುವ ಮೊದಲೇ ಬಿದಿರ ಮೆಳೆಯ ಹಿಂದೆ ಲಟಕ್ ಅಂತ ಸದ್ದಾಯಿತು. ಬೋಂಡ ಒಂದೇ ನೆಗೆತಕ್ಕೆ ಅಜ್ಜಿಯ ಮಡಿಲು ಸೇರಿದ. ಎರಡನೆಯ ನೆಗೆತದಲ್ಲಿ ನಾನು ಅಜ್ಜಿಯ ಬೆನ್ನ ಹಿಂದೆ ಇದ್ದೆ. ಬಂದದ್ದು ಹಸು. ಅಜ್ಜಿ ಎಡಗೈಯಲ್ಲಿ ಬೋಂಡನ ತಲೆ, ಬಲಗೈಯಲ್ಲಿ ನನ್ನ ತಲೆ ಸವರಿ, "ಏನಿಲ್ಲ, ಏನಿಲ್ಲ, ನೀರು ಕುಡೀರಿ" ಅಂದರು.

ಆ ದಿನದ ವರದಿಯಲ್ಲಿ ಪ್ರಾಮಾಣಿಕವಾಗಿ ಬರೆದಿದ್ದೇನೆ. ಚಿಕಿತ್ಸೆ ಪಡೆದವರು: ಇಬ್ಬರು. ಒಂದು ನಾಯಿ, ಒಬ್ಬ ಅಧ್ಯಕ್ಷ.

ಆರು: ಮಹಾಸಭೆ

ಡಾಕ್ಟರು ಹೇಳಿದ ಎರಡು ತಿಂಗಳಿಗೆ ಇನ್ನು ಎಂಟು ದಿನ ಉಳಿದಿತ್ತು. ಊರವರ ಕೈ ಬಿಚ್ಚಿಸಿದೆ, ಬಾಯಿ ಬಿಡಿಸಿದೆ, ನಮ್ಮಕ್ಕನ ಕಾಲೊಂದನ್ನು ನೆಲಕ್ಕೆ ಊರಿಸಲಾಗಲಿಲ್ಲ. ಕೊನೆಯ ಪ್ರಯತ್ನ ಅಂತ ನಾಲ್ಕೂ ತಾಲ್ಲೂಕಿನ ಸದಸ್ಯರ ಸಭೆಯನ್ನು ಅವಳ ಮನೆ ಅಂಗಳದಲ್ಲೇ ಕರೆದೆ. ಮಂಚವನ್ನು ನಡುಮನೆಯ ಬಾಗಿಲಿಗೆ ಎಳೆದು ತಂದೆವು. ಅಷ್ಟು ಜನ, ಅಷ್ಟು ಪ್ರಾಣಿ ಕಂಡಾದರೂ ಏಳುತ್ತಾಳೆ ಅಂತ. ಅಕ್ಕ ದಿಂಬಿಗೊರಗಿ ಎಲ್ಲರಿಗೂ ಕಾಫಿ ಕೊಡಿ ಅಂತ ಸೊಸೆಗೆ ಹೇಳಿದಳೇ ಹೊರತು ಅಲ್ಲಾಡಲಿಲ್ಲ.

ಸಭೆಯಲ್ಲಿ ಎಲ್ಲರೂ ಬೋಂಡನನ್ನು ಹೊಗಳಿದರು. ಏನು ಮೈಕಟ್ಟು, ಏನು ಹೊಳಪು, ಇಂಥ ನಾಯಿ ಜಿಲ್ಲೆಯಲ್ಲೇ ಇಲ್ಲ ಅಂತ. ಹೊಗಳಿಕೆ ಮುಗಿಯುವಷ್ಟರಲ್ಲಿ ಬೋಂಡ ಅಂಗಳದ ನಡುವೆ ಅಡ್ಡಬಿದ್ದ. ಬಿಸ್ಕತ್ತು ಬೇಡ, ಹಾಲು ಬೇಡ. ಪಿರಿಯಾಪಟ್ಟಣ ಶಾಖೆಯವರು ತಂದಿದ್ದ ಹಲಸಿನ ತೊಳೆ ಹತ್ತು ಹನ್ನೆರಡು ಅವನ ಹೊಟ್ಟೆ ಸೇರಿದ್ದು ನನಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿರಲಿಲ್ಲ.

"ಅಷ್ಟ್ ಜನ ಬಾಯ್ತುಂಬಾ ಹೊಗಳುದ್ರೆ ಇನ್ನೇನಾಯ್ತದೆ? ದಿಷ್ಟಿ ಆಗೈತೆ" ಅಂದಳು ಮಂಚದಿಂದ. "ತೆಗಿಯೇ" ಅಂತ ಸೊಸೆಗೆ ಹೇಳಿದಳು.

ಸೊಸೆ ಉಪ್ಪು, ಒಣಮೆಣಸಿನಕಾಯಿ ಹಿಡಿದುಕೊಂಡು ಬಂದು, "ಮೂರು ಸುತ್ತೋ ಐದು ಸುತ್ತೋ ಅತ್ತೆ?" ಅಂತ ಕೇಳಿದಳು.

"ಮಾತಾಡ್ಬ್ಯಾಡ ಕಣೇ! ದಿಷ್ಟಿ ತೆಗೆಯುವಾಗ ಯಾರೂ ಉಸಿರೆತ್ಬಾರ್ದು. ಬಾಲದ ಕಡೆಯಿಂದ ಯಾಕ್ ಶುರು ಮಾಡ್ತೀಯಾ? ಮೆಣಸಿನಕಾಯಿ ಎಷ್ಟು, ನಾಕಾ? ಅಯ್ಯೋ, ನಾಕು ಮೆಣಸಿನಕಾಯಿ ಯಾವ್ ಸೀಮೆ ದಿಷ್ಟಿಗೆ?"

"ನಂಗೆ ಇದೆಲ್ಲ ಬರಲ್ಲ ಅತ್ತೆ" ಅಂದಳು ಸೊಸೆ.

"ಬರಲ್ಲ ಅಂದ್ರೆ ನಾಯಿ ಸಾಯ್ಲಾ? ಕೊಡಿಲ್ಲಿ!"

ಅಕ್ಕ ಎದ್ದಳು.

ಎದ್ದು, ಬಾಗಿಲ ಚೌಕಟ್ಟು ಹಿಡಿದು, ಹೊಸ್ತಿಲು ದಾಟಿ, ಒಂದು, ಎರಡು, ಮೂರು ಅಂತ ಅಂಗಳಕ್ಕೆ ನಡೆದುಬಂದಳು. ನಾನು ಬಾಯಿ ತೆರೆದೆ. ಅಕ್ಕ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸಿದಳು. ಮಾತಾಡಿದರೆ ದೃಷ್ಟಿ ತೆಗೆದದ್ದು ಕೆಡುತ್ತದೆ! ನಾಲ್ಕು ತಾಲ್ಲೂಕಿನ ಸದಸ್ಯರೂ ಬಾಯಿಗೆ ಕೈ ಅಡ್ಡ ಹಿಡಿದು ನಿಂತರು. ಅಕ್ಕನ ಮಗ ಕಂಬಕ್ಕೆ ಹಣೆ ಒತ್ತಿಕೊಂಡ. ಫಿಸಿಯೋ ಹುಡುಗಿ ದುಪ್ಪಟ್ಟಾ ಬಾಯಿಗೆ ತುರುಕಿಕೊಂಡು ಹೆಜ್ಜೆ ಎಣಿಸುತ್ತಿದ್ದಳು. ಬದುಕಿನಲ್ಲಿ ನಾನು ಮಾತಾಡದೆ ಇದ್ದ ಅತಿ ದೀರ್ಘ ಸಮಯ ಅದೇ.

ಅಕ್ಕ ಬೋಂಡನ ತಲೆಯಿಂದ ಬಾಲದವರೆಗೆ ಮೂರು ಸಲ ನಿವಾಳಿಸಿದಳು. ಅಲ್ಲಿಂದ ಹಿತ್ತಲಿನ ಬಚ್ಚಲ ಒಲೆಯವರೆಗೆ ಇಪ್ಪತ್ತಾರು ಹೆಜ್ಜೆ ನಡೆದು ಮೆಣಸಿನಕಾಯಿಯನ್ನು ಬೆಂಕಿಗೆ ಹಾಕಿದಳು. ನಾವೆಲ್ಲ ತುದಿಗಾಲಲ್ಲಿ ಹಿಂದೆ ಹೋದೆವು. ಹೊಗೆ ಎದ್ದಿತು.

"ಘಾಟು ಬಂತೇನ್ಲಾ?" ಅಂದಳು. ಘಾಟು ಬಾರದಿದ್ದರೆ ದೃಷ್ಟಿ ಆಗಿತ್ತು ಅಂತ ಲೆಕ್ಕ.

ನನ್ನ ಕಣ್ಣು ಮೂಗು ಎರಡರಲ್ಲೂ ಧಾರಾಕಾರ ಸುರಿಯುತ್ತಿತ್ತು. ಉಸಿರು ಸಿಕ್ಕಿಕೊಂಡಿತ್ತು. "ಒಂಚೂರೂ... ಘಾಟಿಲ್ಲ... ಕಣಕ್ಕ" ಅಂದೆ, ಕೆಮ್ಮುತ್ತಾ.

"ನೋಡ್ದಾ! ಅಷ್ಟು ದಿಷ್ಟಿ!"

"ಅಕ್ಕಾ, ನೀನು ನಡೆದೆ!"

"ನಡೀದೆ ಇನ್ನೇನು, ಹಾರ್ಕೊಂಡು ಬರ್ಲಾ?" ಅಂದವಳು ಕೆಳಗೆ ತನ್ನ ಕಾಲು ನೋಡಿಕೊಂಡಳು. ಆಮೇಲೆ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಅಂಗಳದಲ್ಲಿ ನಿದ್ದೆ ಮುಗಿದ ಬೋಂಡ ಎದ್ದು ಮೈ ಕೊಡವಿದ.

ಈಗ ನಮ್ಮ ಸಂಸ್ಥೆಯಲ್ಲಿ ಹೊಸ ತರಬೇತಿ ನಡೆಯುತ್ತಿದೆ. ಗಟ್ಟಿಮುಟ್ಟಾದ ನಾಯಿಗೆ ಕಾಯಿಲೆ ಬಂದ ಹಾಗೆ ಅಡ್ಡಬೀಳುವುದನ್ನು ನಾನೇ ನೆಲದ ಮೇಲೆ ಮಲಗಿ ತೋರಿಸಿ ಕಲಿಸುತ್ತಿದ್ದೇನೆ. ಫಿಸಿಯೋ ಹುಡುಗಿ ದೂರ ನಿಗದಿ ಮಾಡುತ್ತಾಳೆ. ಮೊದಲ ವಾರ ಬೋಂಡ ಅಕ್ಕನ ಮನೆ ಜಗಲಿಯಲ್ಲಿ ಬಿದ್ದ, ಎರಡನೆಯ ವಾರ ಅರಳಿಕಟ್ಟೆಯಲ್ಲಿ, ಹೋದ ವಾರ ಹಾಲಿನ ಡೈರಿಯ ಮುಂದೆ. ಅಕ್ಕ ಉಪ್ಪು ಮೆಣಸಿನಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ದಾಪುಗಾಲು ಹಾಕಿ ಬರುತ್ತಾಳೆ. ಡೈರಿಯಲ್ಲಿ ಹಾಲು ಹಾಕಲು ನಿಂತವರಿಗೆ ಮೊನ್ನೆ ಹೇಳುತ್ತಿದ್ದಳು:

"ನಮ್ ತಮ್ಮ ನಾಕು ತಾಲ್ಲೂಕಿಗೆ ಅಧ್ಯಕ್ಷ ಕಣ್ರವ್ವಾ, ಒಂದು ನಾಯಿ ನೋಡ್ಕಳಕ್ಕೆ ಬರಾಕಿಲ್ಲ. ವಾರಕ್ಕೊಂದು ಕಡೆ ಬೀಳಿಸ್ತಾನೆ. ಏನೋ ದೇವರು ನಂಗೆ ಕಾಲು ಗಟ್ಟಿಯಾಗಿ ಕೊಟ್ಟವ್ನೆ, ಅದು ಬದುಕೈತೆ!"