ಕೊಲೆಗಾರ ಯಾರೆಂದು ನನಗೆ ಹೇಳಬೇಡಿ

ಪುಸ್ತಕದೊಳಗೆ ಆಗುವ ಅನಾಹುತಕ್ಕಿಂತ ಅದನ್ನು ಕೈಯಲ್ಲಿ ಹಿಡಿದುಕೊಂಡವಳಿಗೆ ಆಗುವ ಅನಾಹುತವೇ ಹೆಚ್ಚು ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಓದುವುದನ್ನು ಬಿಟ್ಟು ಕಸೂತಿ ಕಲಿಯುತ್ತಿದ್ದೆ. ಈಗ ಹೊತ್ತು ಮೀರಿದೆ. ಕಣ್ಣಿಗೆ ಕನ್ನಡಕ ಬಂದಿದೆ, ಸೂಜಿಗೆ ನೂಲು ಪೋಣಿಸಲು ಆಗುವುದಿಲ್ಲ.

ನಾನು ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಮನೆ ಕಾಪುವಿನಲ್ಲಿ. ದಿನಾ ಹೋಗಿ ಬರುವ ಬಸ್ಸಿನಲ್ಲಿಯೇ ನನ್ನ ಓದು. ಓದುವುದು ಒಂದೇ ಜಾತಿಯ ಪುಸ್ತಕ: ಹಳೆಯ ಅರಸರ ಕಾಲದಲ್ಲಿ ನಡೆಯುವ ಕೊಲೆಯ ಕಥೆ. ಅದರಲ್ಲಿ ಅರಸ ವೀಳ್ಯ ಹಾಕಿಕೊಂಡು ಸಾಯುತ್ತಾನೆ, ರಾಣಿ ಏನೋ ಮುಚ್ಚಿಡುತ್ತಾಳೆ, ಒಂದು ತಾಳೆಗರಿ ಸಿಗುತ್ತದೆ. ಆ ಗರಿಯನ್ನು ಗೆದ್ದಲು ತಿಂದಿರುತ್ತದೆ. ಕೊಲೆಗಾರನ ಹೆಸರಿರುವ ಜಾಗವನ್ನೇ ಹುಡುಕಿ ತಿನ್ನುವಷ್ಟು ಅಕ್ಷರಜ್ಞಾನ ಅರಸರ ಕಾಲದ ಗೆದ್ದಲುಗಳಿಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ. ಆದರೂ ಬಿಡದೆ ಓದುತ್ತೇನೆ.

ನನಗಿದ್ದ ಆಸೆ ಇಷ್ಟೇ. ಪುಸ್ತಕ ಹೇಳುವ ಮೊದಲು ಕೊಲೆಗಾರನನ್ನು ನಾನೇ ಹಿಡಿಯಬೇಕು. ನಿವೃತ್ತಿಗೆ ಮೊದಲು ಒಂದೇ ಒಂದು ಸಲ ಸಾಕು. ಆದರೆ ಅದಕ್ಕೆ ಜನ ಬಿಡಬೇಕಲ್ಲ. ಲ್ಯಾಬಿನ ಕೌಂಟರಿಗೆ ದಿನಕ್ಕೆ ಹತ್ತು ಮಂದಿ ಬಗ್ಗಿ, "ಮೇಡಂ, ರಿಪೋರ್ಟಿನಲ್ಲಿ ಎಂತ ಉಂಟು, ಸ್ವಲ್ಪ ಹೇಳಿ" ಎಂದು ಕೇಳುತ್ತಾರೆ. "ಡಾಕ್ಟ್ರು ಹೇಳ್ತಾರೆ" ಎಂದು ಕಳುಹಿಸುತ್ತೇನೆ. ಮೂವತ್ತು ವರ್ಷದಲ್ಲಿ ಒಬ್ಬರಿಗೂ ತುಟಿ ಬಿಚ್ಚಿದವಳಲ್ಲ. ಅಂಥವಳಿಗೆ ಊರಿಗೆ ಊರೇ ಸೇರಿ ಕಥೆಯ ಕೊನೆ ಹೇಳುತ್ತದೆ.

೧. ಅಂಟಿಸಿದ ಹತ್ತು ಪುಟ

ಮೊದಲ ಶತ್ರು ಮನೆಯೊಳಗೇ ಇದ್ದಾರೆ. ನನ್ನ ಗಂಡ. ಕಾಪುವಿನಲ್ಲಿ ಬೋಟಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ. ಅವರು ಯಾವ ಪುಸ್ತಕ ಕೈಗೆತ್ತಿಕೊಂಡರೂ ಮೊದಲು ಕೊನೆಯ ಪುಟ ಓದುತ್ತಾರೆ. ಮದುವೆಯಾದ ಹೊಸದರಲ್ಲಿ ಯಾಕೆಂದು ಕೇಳಿದ್ದೆ.

"ಕೊನೆಗೆ ಯಾರು ಉಳಿಯುತ್ತಾರೆ ಅಂತ ಗೊತ್ತಿಲ್ಲದೆ ಅವರ ಮೇಲೆ ಪ್ರೀತಿ ಇಡುವುದು ಹೇಗೆ ಮಾರಾಯ್ತಿ?" ಎಂದರು.

ಅವರ ಪ್ರೀತಿ ಅವರಿಗೆ ಇರಲಿ, ನನ್ನ ಗೊಡವೆಗೆ ಬರಬಾರದಿತ್ತು. ಆದರೆ ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅವರದಲ್ಲ. ಊಟಕ್ಕೆ ಕೂತಾಗ, ಸಾರು ಬಡಿಸಿಕೊಳ್ಳುತ್ತಾ, "ಆ ಸೇನಾಪತಿಯನ್ನು ನೀನು ತುಂಬಾ ನಂಬಬೇಡ" ಎನ್ನುತ್ತಾರೆ. ಅಲ್ಲಿಗೆ ನನ್ನ ಮುನ್ನೂರು ಪುಟ ನೀರುಪಾಲು.

ಒಂದು ಸಲ ನಾನೂ ಹಟ ಹಿಡಿದೆ. ಹೊಸ ಪುಸ್ತಕ ತಂದ ದಿನವೇ ಅದರ ಕೊನೆಯ ಹತ್ತು ಪುಟಗಳನ್ನು ಸೇರಿಸಿ, ಅಂಚಿಗೆ ಲ್ಯಾಬಿನ ಅಂಟುಪಟ್ಟಿ ಸುತ್ತಿ ಭದ್ರ ಮಾಡಿ ಮೇಜಿನ ಮೇಲಿಟ್ಟು ನಿಶ್ಚಿಂತೆಯಿಂದ ಸ್ನಾನಕ್ಕೆ ಹೋದೆ. ಬರುವಾಗ ಇವರು ಪುಸ್ತಕ ಕೆಳಗಿಟ್ಟು ಕನ್ನಡಕ ಒರೆಸುತ್ತಿದ್ದರು.

"ತೆರೆಯಲು ಬಂದ ಕೊನೆಯ ಪುಟದಲ್ಲಿ ಇಬ್ಬರಿಗೆ ಗಲ್ಲು ಆಗುತ್ತದೆ ಅಂತ ಗೊತ್ತಾಯಿತು. ಯಾರಿಗೆ ಅಂತ ನೀನೇ ಓದಿ ಹೇಳು. ಹತ್ತು ಪುಟ ಅಂಟಿಕೊಂಡಿದೆ, ಈ ಪ್ರೆಸ್ಸಿನವರಿಗೆ ಈಗೀಗ ಗಮನವೇ ಇಲ್ಲ."

೨. ಉದ್ಯಾವರ ಸೇತುವೆಯ ಮೇಲೆ

ಮನೆಯಲ್ಲಿ ಇಟ್ಟರೆ ತಾನೇ ತೊಂದರೆ ಎಂದು ಪುಸ್ತಕವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲು ಶುರು ಮಾಡಿದೆ. ಬಸ್ಸಿನಲ್ಲಿ ನೆಮ್ಮದಿ ಇತ್ತು. ಕಂಡಕ್ಟರ್ ನನ್ನನ್ನು ವರ್ಷಗಳಿಂದ ಬಲ್ಲವನು. ನಾನು ಹತ್ತಿದರೆ ಕಿಟಕಿಯ ಸೀಟು ತೋರಿಸುವಷ್ಟು ವಿಶ್ವಾಸ.

ಒಂದು ಬೆಳಿಗ್ಗೆ ಅಂತಃಪುರದಲ್ಲಿ ವಿಷ ಹಾಕಿದವರು ಯಾರು ಎಂಬ ಚಿಂತೆಯಲ್ಲಿ ನಾನು ಮುಳುಗಿದ್ದೆ. ಬಸ್ಸು ಕಟಪಾಡಿ ದಾಟಿ ಉದ್ಯಾವರ ಸೇತುವೆಗೆ ಬಂದಿತ್ತು. ಕಂಡಕ್ಟರ್ ಟಿಕೇಟು ಕೊಡುತ್ತಾ ಬಗ್ಗಿ ಪುಸ್ತಕದ ಹೊದಿಕೆ ನೋಡಿದ.

"ಓ, ಇದಾ. ಅದು ವೈದ್ಯರೇ ಅಕ್ಕ," ಎಂದು ಮುಂದಿನ ಸೀಟಿಗೆ ಹೋದ.

ನನಗೆ ಹೊಳೆಗೆ ಹಾರುವಷ್ಟು ಸಿಟ್ಟು ಬಂತು. ನಾನು ಹಾರುವುದಲ್ಲ, ಅವನನ್ನು ದೂಡುವ ಲೆಕ್ಕದಲ್ಲಿ. ತಿರುಗಿ ಬಂದಾಗ ಕೇಳಿದೆ, "ನಿನಗೆ ಹೇಗೆ ಗೊತ್ತು?"

ಅವನು ನಿಧಾನಕ್ಕೆ ವಿವರಿಸಿದ. ಬಸ್ಸಿನಲ್ಲಿ ಜನ ಕೊಡೆ, ಬುತ್ತಿಚೀಲ, ಪುಸ್ತಕ ಎಲ್ಲ ಮರೆತು ಇಳಿಯುತ್ತಾರೆ. ಉಡುಪಿ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅವನು ಆ ಪುಸ್ತಕಗಳನ್ನು ಓದುತ್ತಾನೆ. ಓದುವುದು ಕೊನೆಯಿಂದ.

"ಅವರು ಯಾವಾಗ ಪುಸ್ತಕ ಕೇಳಿಕೊಂಡು ಬರುತ್ತಾರೆ ಅಂತ ಹೇಳಲಿಕ್ಕಾಗುವುದಿಲ್ಲ ಅಲ್ವಾ ಅಕ್ಕ. ಮುಖ್ಯವಾದದ್ದು ಮೊದಲು ಓದಿ ಮುಗಿಸಬೇಕು. ಇದೇ ಪುಸ್ತಕ ಬಿಟ್ಟುಹೋದವರು ಎರಡು ನಿಮಿಷದಲ್ಲೇ ಓಡಿ ಬಂದರು. ಹಾಗಾಗಿ ಸತ್ತದ್ದು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಸ್ವಲ್ಪ ಹೇಳಿ."

೩. ಕಾರ್ಕಳದ ಪೆನ್ಸಿಲ್

ನನ್ನ ತವರು ಕಾರ್ಕಳ. ಅಲ್ಲಿನ ಒಂದು ಹಳೆಯ ವಾಚನಾಲಯದಲ್ಲಿ ಮದುವೆಗೆ ಮೊದಲೇ ಸದಸ್ಯಳಾಗಿದ್ದೆ. ಕಾರ್ಡು ಇನ್ನೂ ಇದೆ. ತವರಿಗೆ ಹೋದಾಗ ಒಂದು ಪುಸ್ತಕ ತರುವುದು ರೂಢಿ.

ಹಾಗೆ ತಂದ ಒಂದು ಪುಸ್ತಕವನ್ನು ತವರುಮನೆಯ ಜಗಲಿಯಲ್ಲಿ ಕೂತು ಓದುತ್ತಿದ್ದೆ. ಒಂದು ಬಸದಿಯ ರತ್ನ ಕಳವಾಗಿ ಕಾವಲುಗಾರನ ಕೊಲೆಯಾದ ಕಥೆ. ನಲವತ್ತನೆಯ ಪುಟಕ್ಕೆ ಬಂದೆ. ಭಂಡಾರಿ ಎಂಬವನು ಬಾಗಿಲಲ್ಲಿ ಕಾಣಿಸಿಕೊಂಡ. ಅವನ ಹೆಸರಿನ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ದಪ್ಪಗೆ "ಇವನೇ ಕೊಲೆಗಾರ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಆ ಕ್ಷಣವೇ ಚಪ್ಪಲಿ ಮೆಟ್ಟಿ ವಾಚನಾಲಯಕ್ಕೆ ಹೋದೆ. ಅಲ್ಲಿನ ಗ್ರಂಥಪಾಲಕರು ಸಾಧು ಮನುಷ್ಯ. "ಇಂಥ ಅನಾಗರಿಕರಿಗೆ ಸದಸ್ಯತ್ವ ಕೊಡುವುದು ಯಾಕೆ? ಬೇರೆಯವರ ಸಂತೋಷ ಹಾಳು ಮಾಡುವವರನ್ನು ಒಳಗೆ ಬಿಡಲೇಬಾರದು" ಎಂದು ಅವರ ಮೇಲೆಯೇ ಹರಿಹಾಯ್ದೆ. ನಾಲ್ಕು ಮಂದಿ ಪತ್ರಿಕೆ ಕೆಳಗಿಟ್ಟು ನೋಡಿದರು.

ಅವರು ಶಾಂತವಾಗಿ ಪುಸ್ತಕದ ಹಿಂಬದಿಗೆ ಅಂಟಿಸಿದ ಚೀಟಿ ನೋಡಿದರು. "ಈ ಸಲ ನೀವು ಕೊಂಡುಹೋಗುವ ಮೊದಲು ಇದನ್ನು ಕೊಂಡುಹೋದದ್ದು ಒಬ್ಬರೇ ಮೇಡಂ. ಭಾರೀ ಹಿಂದೆ. ಸದಸ್ಯ ಸಂಖ್ಯೆ ಇನ್ನೂರ ಹದಿನಾಲ್ಕು. ಅವರನ್ನು ತೆಗೆದುಹಾಕುವುದಾದರೆ ನನ್ನ ಅಭ್ಯಂತರ ಇಲ್ಲ."

ಪುಸ್ತಕದೊಳಗಿಂದ ಮೇಜಿನ ಮೇಲೆ ಬಿದ್ದಿದ್ದ ನನ್ನ ಕಾರ್ಡನ್ನು ಇಬ್ಬರೂ ಒಟ್ಟಿಗೆ ನೋಡಿದೆವು. ಇನ್ನೂರ ಹದಿನಾಲ್ಕು.

ತಲೆ ತಗ್ಗಿಸಿ ಮನೆಗೆ ಬಂದೆ. ಓದಿದ ಪುಸ್ತಕವನ್ನೇ ಮರೆತು ಮತ್ತೆ ತಂದಿದ್ದೆ. ಇರಲಿ, ಆಗಿನ ಕಾಲದಲ್ಲಾದರೂ ನಲವತ್ತನೆಯ ಪುಟಕ್ಕೇ ಕೊಲೆಗಾರನನ್ನು ಹಿಡಿದಿದ್ದೆನಲ್ಲ ಎಂದು ಒಳಗೊಳಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಕೊನೆಯವರೆಗೆ ಓದಿದೆ. ಭಂಡಾರಿ ನಿರಪರಾಧಿ.

೪. ಆಟಿಯ ಅಂಜಲ್

ನನ್ನ ಅತ್ತೆ ಕಾಪುವಿನ ಮಾರ್ಕೆಟಿನಲ್ಲಿ ನಲವತ್ತು ವರ್ಷ ಮೀನು ಮಾರಿದವರು. ನಾನು ಅವರನ್ನು ಕರೆಯುವುದು ಮಾಮಿ ಎಂದು. ಶಾಲೆಗೆ ಹೋದದ್ದು ಮೂರನೆಯ ಕ್ಲಾಸಿನವರೆಗೆ ಮಾತ್ರ. ಪುಸ್ತಕ ಓದುವುದಿಲ್ಲ. ಆದರೆ ನಾನು ಬಸ್ಸಿನಲ್ಲಿ ಓದಿದ್ದನ್ನು ಸಂಜೆ ಅವರಿಗೆ ತುಳುವಿನಲ್ಲಿ ಹೇಳಬೇಕು. ಹೇಳದಿದ್ದರೆ ಚಹಾ ಇಲ್ಲ.

ಒಂದು ಕಾದಂಬರಿ ನಮ್ಮ ಕಡಲ ತೀರದ ಕೋಟೆಯಲ್ಲೇ ನಡೆಯುವಂಥದ್ದು. ಆಟಿ ಅಮಾವಾಸ್ಯೆಯ ದಿನ, ಅಂದರೆ ಮಳೆ ಸುರಿಯುವ ಆಷಾಢದಲ್ಲಿ, ಅರಸ ಆಗಷ್ಟೇ ಹಿಡಿದ ಅಂಜಲ್ ಮೀನಿನ ಸಾರಿನಲ್ಲಿ ಊಟ ಮಾಡಿ ಎಲೆಯ ಮೇಲೇ ಒರಗಿದ. ನಾನು ಅಷ್ಟು ಹೇಳಿದ್ದೆ. ಮಾಮಿ ಕೈ ಎತ್ತಿ ನಿಲ್ಲಿಸಿದರು.

"ಆಟಿಯಲ್ಲಾ?"

"ಹೌದು ಮಾಮಿ."

"ಆಟಿ ತಿಂಗಳಲ್ಲಿ ಕಡಲು ಬಾಯಿ ತೆರೆದು ಕೂತಿರುತ್ತದೆ. ಯಾವ ದೋಣಿ ಇಳಿಯುತ್ತದೆ? ತಾಜಾ ಅಂಜಲ್ ಎಲ್ಲಿಂದ ಬಂತು? ಆ ಅರಸನ ಕಾಲದಲ್ಲಿ ಐಸ್ ಇತ್ತಾ?"

ನಾನು ಪುಟ ತಿರುಗಿಸಿ ನೋಡಿದೆ. ತಾಜಾ ಎಂದೇ ಇತ್ತು.

"ಅಡುಗೆಯವನು ಸುಳ್ಳು ಹೇಳುತ್ತಿದ್ದಾನೆ. ಅವನನ್ನು ಹಿಡಿಯಲಿ."

ನಾನು ಮರುದಿನ ಆತುರದಿಂದ ಓದಿ ಮುಗಿಸಿದೆ. ಅಡುಗೆಯವನ ಮೇಲೆ ಯಾರಿಗೂ ಸಂಶಯವೇ ಬರಲಿಲ್ಲ. ಪತ್ತೇದಾರ ಕೂಡ ತನಿಖೆಗೆ ಬಂದವನು ಬೇರೆ ಪಾತ್ರೆಯಿಂದ ಅದೇ ಅಂಜಲ್ ಮೂರು ತುಂಡು ತಿಂದು ಹೊಗಳಿದ. ಕೊಂದದ್ದು ರಾಣಿಯ ತಮ್ಮ. ಸಂಜೆ ಮಾಮಿಗೆ ವರದಿ ಒಪ್ಪಿಸಿದೆ.

ಮಾಮಿ ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಕೇಳಿದರು, "ಇದನ್ನು ಬರೆದವನು ಘಟ್ಟದ ಮೇಲಿನವನಾ?"

ಹಿಂಬದಿಯ ಹೊದಿಕೆ ತಿರುಗಿಸಿ ನೋಡಿದೆ. ಹೌದು.

೫. ಬಲದಿಂದ ಎಡಕ್ಕೆ

ನನ್ನ ಗೋಳು ನೋಡಲಾರದೆ ಮಗಳು ಒಂದು ಉಪಾಯ ಹೇಳಿದಳು. ಅವಳು ಮಣಿಪಾಲದಲ್ಲಿ ಓದುತ್ತಾಳೆ. ಅವಳ ಕೋಣೆ ತುಂಬಾ ಮಾಂಗಾ ಎಂಬ ಜಪಾನಿನ ಚಿತ್ರಕಥೆಗಳು, ಇಂಗ್ಲಿಷಿಗೆ ಬಂದವು. ಮಂತ್ರವಾದಿಗಳು, ರೆಕ್ಕೆಯ ಹಾವುಗಳು, ಬೆಕ್ಕಿನ ಕಿವಿಯ ಹುಡುಗಿಯರು. ಎಲ್ಲರಿಗೂ ಅರ್ಧ ಮುಖದಷ್ಟು ಕಣ್ಣು.

"ಇದರಲ್ಲಿ ಕೊಲೆ ಉಂಟಾ?" ಎಂದು ಕೇಳಿದೆ.

"ಮೊದಲನೆಯ ಪುಸ್ತಕದಲ್ಲೇ ಉಂಟು. ಒಟ್ಟು ಐದು ಪುಸ್ತಕ. ಕೊಲೆಗಾರ ಸಿಗುವುದು ಐದನೆಯದರಲ್ಲಿ. ಅದು ಇನ್ನೂ ಬಂದಿಲ್ಲ. ಹಾಗಾಗಿ ಅಮ್ಮ, ನಿಮಗೆ ಹೇಳಲಿಕ್ಕೆ ಯಾರಿಗೂ ಗೊತ್ತೇ ಇಲ್ಲ."

ಇಂಥ ಮಾತು ಕೇಳದೆ ಎಷ್ಟು ವರ್ಷವಾಗಿತ್ತು. ಓದುವ ಕ್ರಮವನ್ನೂ ಅವಳೇ ಕಲಿಸಿದಳು. ಜಪಾನಿನವರು ಬಲದಿಂದ ಎಡಕ್ಕೆ ಓದುತ್ತಾರೆ. ನಮ್ಮ ಪುಸ್ತಕದ ಕೊನೆಯ ಪುಟ ಇರುವಲ್ಲಿ ಅವರ ಮೊದಲ ಪುಟ. ಬಸ್ಸಿನಲ್ಲಿ ನಾನು ಹಿಂದಿನಿಂದ ಪುಟ ತಿರುಗಿಸುವುದನ್ನು ಕಂಡು ಕಂಡಕ್ಟರಿಗೆ ಬಹಳ ಸಂತೋಷವಾಯಿತು. "ನೀವೂ ಕೊನೆಯಿಂದ ಶುರು ಮಾಡಿದಿರಿ ಅಲ್ವಾ ಅಕ್ಕ. ಅದೇ ಒಳ್ಳೆಯದು," ಎಂದ.

ಕಥೆ ಹೀಗೆ. ಏಳು ಮಾಳಿಗೆಯ ಗೋಪುರದಲ್ಲಿ ಮುದುಕ ಮಂತ್ರವಾದಿಯೊಬ್ಬ ಇರಿತಕ್ಕೆ ಸಿಕ್ಕಿ ಸತ್ತಿದ್ದಾನೆ. ಕಿರುಚಿದ್ದು ಕೇಳಿ ಎಲ್ಲರೂ ಒಟ್ಟಿಗೆ ಮೇಲೆ ಓಡಿದ್ದಾರೆ. ಗೋಪುರದ ಪುಸ್ತಕಗಳನ್ನು ನೋಡಿಕೊಳ್ಳುವ ಸಣಕಲ ಮನುಷ್ಯ ಎಲ್ಲರಿಗಿಂತ ಜೋರಾಗಿ ಅಳುತ್ತಾ ಮುದುಕನನ್ನು ಎತ್ತಿ ಹಿಡಿದಿದ್ದಾನೆ. ಸಂಶಯ ಬೆಕ್ಕಿನ ಕಿವಿಯ ಕೆಲಸದವಳ ಮೇಲೆ.

ಮಾಮಿಗೂ ತೋರಿಸಿದೆವು. ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಒಂದು ಪುಸ್ತಕವನ್ನು ಯಾರ ಹಂಗೂ ಇಲ್ಲದೆ ನೋಡಿದರು. ಮಗಳು ಮಾತುಗಳನ್ನು ಓದಿ ಹೇಳಲು ಹೋದರೆ ಬೇಡ ಎಂದರು. "ಮಾತಿನಲ್ಲಿ ಎಲ್ಲರೂ ಒಳ್ಳೆಯವರೇ. ಚಿತ್ರ ಸಾಕು." ಬೆಕ್ಕಿನ ಕಿವಿಯವಳನ್ನು ಮಾತ್ರ ಆ ಕೂಡಲೇ ಬಿಡುಗಡೆ ಮಾಡಿದರು. ತಿನ್ನಲು ಕೊಡುವವರನ್ನು ಬೆಕ್ಕು ಕೊಲ್ಲುವುದಿಲ್ಲವಂತೆ. ಆಮೇಲೆ ಆ ವಿಷಯ ಎತ್ತಲಿಲ್ಲ.

ನಾನು ಮೂರು ತಿಂಗಳು ಆ ನಾಲ್ಕು ಪುಸ್ತಕಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಐದನೆಯದು ಕೊರಿಯರಿನಲ್ಲಿ ಬಂದ ದಿನ ನಾನು ಲ್ಯಾಬಿನಲ್ಲಿದ್ದೆ. ಸಹಿ ಹಾಕಿ ತೆಗೆದುಕೊಂಡದ್ದು ನನ್ನ ಗಂಡ. ಸಂಜೆ ಬರುವಾಗ ಅವರ ಮುಖ ನೋಡಿಯೇ ಗೊತ್ತಾಯಿತು. ಕೊನೆಯ ಪುಟ ನೋಡಿಯಾಗಿತ್ತು.

ಮಾಮಿ ಬಾಗಿಲಲ್ಲೇ ನಿಂತಿದ್ದರು. "ಹೆದರಬೇಡ ಮಗಾ. ನನ್ನ ತಲೆ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ್ದೇನೆ. ನೀನು ಹೆಸರು ಹೇಳುವವರೆಗೆ ಇವನು ಬಾಯಿ ಬಿಡುವುದಿಲ್ಲ."

ಬಾಯಿ ಬಿಡಲಿಲ್ಲ, ನಿಜ. ಆದರೆ ಆ ಮೂರು ದಿನ ಅವರು ಪಟ್ಟ ಪಾಡು ಬೇಡ. ನೀರುದೋಸೆ ಎರಡಕ್ಕೇ ಸಾಕೆಂದರು. ಮಾತು ತಡೆಯಲಾರದೆ ಹೋದಾಗ ಎದ್ದು ಕಡಲ ಬದಿಯಲ್ಲಿ ದೀಪಸ್ತಂಭದವರೆಗೆ ನಡೆದು ಬಂದರು. ನಾನು ಪುಟ ತಿರುಗಿಸಿದಾಗಲೆಲ್ಲ ಎದುರು ಕೂತು ಅಯ್ಯೋ ಪಾಪ ಎಂಬಂತೆ ನೋಡಿದರು.

ಮೂರನೆಯ ಸಂಜೆ, ಎಲ್ಲರೂ ಜಗಲಿಯಲ್ಲಿದ್ದಾಗ, ಗುಟ್ಟು ಬಯಲಾಗುವ ಪುಟದ ಹಿಂದಿನ ಪುಟಕ್ಕೆ ಬಂದೆ. ಪುಸ್ತಕ ಮುಚ್ಚಿದೆ.

"ಪುಸ್ತಕ ನೋಡಿಕೊಳ್ಳುವ ಆ ಸಣಕಲ," ಎಂದೆ. "ಮುದುಕನನ್ನು ಎತ್ತುವಾಗ ತೋಳಿಗೆ ರಕ್ತ ತಾಗಿತು ಅಂತಾನೆ. ಆದರೆ ಎತ್ತುತ್ತಿರುವ ಚಿತ್ರದಲ್ಲೇ ಅವನ ತೋಳಿನ ಕಲೆಯ ಅಂಚು ಒಣಗಿ ಬಿರುಕು ಬಿಟ್ಟಿದೆ. ಆಗ ತಾನೇ ತಾಗಿದ ರಕ್ತ ಹಾಗಿರುವುದಿಲ್ಲ. ಮೂವತ್ತು ವರ್ಷ ನೋಡಿದ್ದೇನೆ."

ಗಂಡನ ಕಟ್ಟೆ ಒಡೆಯಿತು. "ಅಲ್ಲ ಮಾರಾಯ್ತಿ, ಅಲ್ಲ. ಯಾರೂ ಕೊಂದೇ ಇಲ್ಲ. ಮುದುಕ ಬದುಕಿದ್ದಾನೆ. ಕೊನೆಯ ಪುಟದಲ್ಲಿ ಆರಾಮಾಗಿ ಚಹಾ ಕುಡಿಯುತ್ತಾ ಕೂತಿದ್ದಾನೆ. ನಾನು ಕಣ್ಣಾರೆ ನೋಡಿದ್ದೇನೆ."

ಮಗಳು ಪುಸ್ತಕ ತೆಗೆದುಕೊಂಡು ನೋಡಿದಳು. "ಅಪ್ಪ, ಅದು ಮೊದಲನೆಯ ಪುಟ. ಅವನು ಸಾಯುವುದಕ್ಕೆ ಮೊದಲಿನ ಕಥೆ."

ಇವರು ಮೂರು ದಿನ ಊಟ ಬಿಟ್ಟು ಕಾಪಾಡಿದ್ದು ಮೊದಲ ಪುಟದ ಗುಟ್ಟು. ನಾನು ಪುಸ್ತಕ ವಾಪಸು ತೆಗೆದುಕೊಂಡು ಪುಟ ತಿರುಗಿಸಿದೆ. ಸಣಕಲ ಮನುಷ್ಯ ಚೂರಿ ಕೆಳಗಿಟ್ಟು ತಪ್ಪೊಪ್ಪಿಕೊಳ್ಳುತ್ತಿದ್ದ. ನಾನು ಹಿಡಿದಿದ್ದೆ. ನನಗೆ ಅಳುವೇ ಬಂತು, ಹೇಳಲು ನಾಚಿಕೆಯಿಲ್ಲ. ಮಗಳು ತಬ್ಬಿಕೊಂಡಳು. ಗಂಡ ಕೂಡ ಎದ್ದು ಬಂದು ಕೈ ಕುಲುಕಿದರು, ಲ್ಯಾಬಿನ ದೊಡ್ಡ ಡಾಕ್ಟರ ಕೈ ಕುಲುಕುವ ಹಾಗೆ.

ಮಾಮಿ ಅಲಸಂಡೆ ಮುರಿಯುತ್ತಾ ಕೂತಿದ್ದರು. ತಲೆ ಎತ್ತದೆ, "ಹಾಂ, ಅವನೇ," ಎಂದರು.

"ನಿಮಗೆ ಗೊತ್ತಿತ್ತಾ ಮಾಮಿ?"

"ಅಜ್ಜಿ ಮೊದಲನೆಯ ಪುಸ್ತಕ ನೋಡಿದ ದಿನವೇ ನನಗೆ ಅವನನ್ನು ತೋರಿಸಿದ್ದರು," ಎಂದಳು ಮಗಳು. "ಅಮ್ಮನಿಗೆ ಹೇಳಿದರೆ ಜಾಗ್ರತೆ ಅಂದಿದ್ದರು."

"ಅದರಲ್ಲಿ ಎಂತ ಉಂಟು ಕಷ್ಟ?" ಎಂದರು ಮಾಮಿ. "ಕದಿಯಲಿಕ್ಕೆ ಬಂದ ಗಿರಾಕಿ ಬುಟ್ಟಿಯ ಮೀನನ್ನು ನೋಡುವುದಿಲ್ಲ, ನನ್ನ ಮುಖ ನೋಡುತ್ತಾನೆ. ಆ ಚಿತ್ರದಲ್ಲಿ ಎಲ್ಲರೂ ಹೆಣ ನೋಡಿ ಅಳುತ್ತಿದ್ದಾರೆ. ಇವನೊಬ್ಬ ಅಳುತ್ತಾ ಅಳುತ್ತಾ ಉಳಿದವರ ಮುಖ ನೋಡುತ್ತಿದ್ದಾನೆ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

ಮಾಮಿ ಅಲಸಂಡೆಯ ತಟ್ಟೆ ಬದಿಗಿಟ್ಟರು.

"ನಿನಗೂ ಒಂದು ಸಲ ಸಿಗಲಿ ಅಂತ. ಇವನದು ಮೂರು ದಿನ, ನನ್ನದು ಮೂರು ತಿಂಗಳು. ಮೀನು ಮಾರಿದವಳಿಗೆ ಬಾಯಿ ಮುಚ್ಚಿ ಕೂರುವುದು ಎಷ್ಟು ಕಷ್ಟ, ನಿನಗೆ ಗೊತ್ತುಂಟಾ?"