ಅಪ್ಪನ ತಿಥಿ, ಚಿನ್ನಿಯ ಹೆರಿಗೆ

ಇಂಥವೆಲ್ಲ ನನಗೇ ಏಕೆ ಆಗುತ್ತವೆ ಎಂದು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ, ನಗುತ್ತಾರೆ. ನಾನು ದನದ ಡಾಕ್ಟರು. ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಎಂದು ವರ್ಗವಾಗುತ್ತ ಆಗುತ್ತ ತೊಂಬತ್ತರ ದಶಕದ ಕೊನೆಗೆ ಹುಟ್ಟೂರು ಹೊಳೆನರಸೀಪುರಕ್ಕೇ ಬಂದು ಬಿದ್ದಿದ್ದೆ. ಊರವರ ಹಸು, ಎಮ್ಮೆಗಳಿಗೆ ನಾನು ಮಾಡಿಸಿದ ಹೆರಿಗೆಗಳಿಗೆ ಲೆಕ್ಕವಿಲ್ಲ. ನಮ್ಮ ಮನೆಯ ಒಂದು ನಾಯಿಗೆ ಹೆರಿಗೆ ಮಾಡಿಸುವಷ್ಟರಲ್ಲಿ ಮಾತ್ರ ನನಗೆ ಸಾಕುಸಾಕಾಗಿ ಹೋಯಿತು.

೧. ಹುಳದ ಔಷಧಿ

ಚಿನ್ನಿ ನಮ್ಮ ಮನೆಯ ಪೊಮೆರೇನಿಯನ್. ಬಿಳಿ ಬಣ್ಣ, ಒಂದು ದಿಂಬಿನಷ್ಟು ಗಾತ್ರ. ಅವಳ ಹೊಟ್ಟೆ ಊದಿಕೊಂಡಾಗ ನಾನು ಹುಳ ಎಂದು ತೀರ್ಮಾನಿಸಿ ಔಷಧಿ ತರಿಸಿದೆ. ಅದೇ ಹೊತ್ತಿಗೆ ನಮ್ಮ ಆಸ್ಪತ್ರೆಯ ಅಟೆಂಡರ್ ಯಾವುದೋ ಫೈಲಿಗೆ ಸಹಿ ಹಾಕಿಸಲು ಬಂದ. ಹಳ್ಳಿಮೈಸೂರು ಕಡೆಯ ಒಕ್ಕಲು ಮನೆಯವನು, ಐವತ್ತು ದಾಟಿದ ಆಸಾಮಿ. ಚಿನ್ನಿಯನ್ನು ಒಂದು ಸಲ ನೋಡಿದ.

"ಸಾ, ಉಳ ಅಲ್ಲ ಸಾ. ಗಬ್ಬ ಆಗೈತೆ."

"ಸುಮ್ಮನಿರಯ್ಯ. ಅವಳು ಗೇಟು ದಾಟಿದವಳೇ ಅಲ್ಲ."

"ಅವ್ಳು ದಾಟಿಲ್ಲ ಸಾ, ಅವ್ನು ದಾಟವ್ನೆ. ಬಸ್‌ಸ್ಟ್ಯಾಂಡ್ ಕರಿ ನಾಯಿ ನಿಮ್ ಕಾಂಪೌಂಡ್ ಆರೋದ್ನ ನಾನೇ ನೋಡಿವ್ನಿ."

ಆ ಕರಿಯ ಒಂದು ಕರುವಿನಷ್ಟಿದ್ದ. ಅವನ ಮರಿಗಳು ಈ ದಿಂಬಿನೊಳಗಿಂದ ಹೊರಗೆ ಬರಬೇಕಾದರೆ ತಾಯಿ ಉಳಿಯುವುದೇ ಅನುಮಾನ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದರೆ ಒಳಗಿನಿಂದ ಅಮ್ಮ ಕೇಳಿದಳು: "ಲೋ, ನಿಮ್ಮ ಆಸ್ಪತ್ರೇಲಿ ಯಾರು ಡಾಕ್ಟ್ರು, ಯಾರು ಅಟೆಂಡರು?"

೨. ಹೊಸಲಿನ ತೀರ್ಪು

ನಾಯಿ ಬಸಿರು ಒಂಬತ್ತು ವಾರ. ಅಟೆಂಡರ್ ಆ ಕರಿಯನನ್ನು ಕಂಡ ದಿನದಿಂದ ನಾನು ಕ್ಯಾಲೆಂಡರ್ ಹಿಡಿದು ಎಣಿಸಿದೆ, ಅಮ್ಮ ಪಂಚಾಂಗ ಹಿಡಿದು ಎಣಿಸಿದಳು. ಇಬ್ಬರೂ ಒಂದೇ ದಿನಕ್ಕೆ ಬಂದು ನಿಂತೆವು. ಅದು ಅಪ್ಪನ ತಿಥಿ.

"ಅವತ್ತು ಆಗಕೂಡದು ಅಂತ ಹೇಳು" ಎಂದಳು ಅಮ್ಮ.

"ಯಾರಿಗೆ ಹೇಳಲಮ್ಮ?"

"ನಂಗೇನು ಗೊತ್ತು? ನೀನು ತಾನೆ ಓದಿರೋನು."

ಮನೆಯಲ್ಲಿ ಹೆರಿಗೆಯಾದರೆ ಪುರುಡು. ಪುರುಡಿದ್ದರೆ ತಿಥಿ ಮಾಡುವಂತಿಲ್ಲ. ನಾಯಿಯ ಹೆರಿಗೆಗೂ ಪುರುಡುಂಟೋ ಇಲ್ಲವೋ? ಅಮ್ಮ ಪುರೋಹಿತರನ್ನು ಕರೆಸಿಯೇ ಕೇಳಿದಳು. ಅವರು ಒಮ್ಮೆ ಹೊಸಲನ್ನೂ ಒಮ್ಮೆ ಹಿತ್ತಲನ್ನೂ ನೋಡಿ ತೀರ್ಪು ಕೊಟ್ಟರು: "ಹೊಸಲಿನ ಒಳಗಾದರೆ ಉಂಟು. ಹಿತ್ತಲಲ್ಲಾದರೆ ಇಲ್ಲ."

ಹಾಗಾಗಿ ಸೌದೆ ಕೊಟ್ಟಿಗೆಯಲ್ಲಿ ಗೋಣಿಚೀಲ, ಹಳೇ ಕಂಬಳಿ ಹಾಸಿ ಹೆರಿಗೆ ವಾರ್ಡು ಮಾಡಿದೆ. ಚಿನ್ನಿ ಅದನ್ನು ಮೂಸಿ ನೋಡಿ, ನೇರವಾಗಿ ಬಂದು ದೇವರ ಮನೆಯ ಬಾಗಿಲಲ್ಲಿ ಮಲಗಿದಳು. ಪುರೋಹಿತರು ಹೇಳಿದ್ದು ಅವಳಿಗೂ ಕೇಳಿಸಿತ್ತೋ ಏನೋ.

೩. ತಂದೆಯ ಹೆಸರು

ತಿಥಿಯ ದಿನ ಬೆಳಿಗ್ಗೆಯೇ ಅವಳು ಅನ್ನ ಮುಟ್ಟಲಿಲ್ಲ, ನಡುಗತೊಡಗಿದಳು. ನಾನು ಸ್ನಾನ ಮಾಡಿ ಒದ್ದೆ ಪಂಚೆ ಉಟ್ಟಾಗಿತ್ತು. ಇನ್ನು ಕರ್ಮ ಮುಗಿಯುವ ತನಕ ಅವಳನ್ನು ಮುಟ್ಟುವಂತಿಲ್ಲ. ಮಡಿ ಅಡುಗೆ ಮಾಡುತ್ತಿದ್ದ ಅಮ್ಮ, ಹೆಂಡತಿ ಇಬ್ಬರೂ ಮುಟ್ಟುವಂತಿಲ್ಲ. ಕಡೆಗೆ ಅಟೆಂಡರನಿಗೇ ಹೇಳಿಕಳಿಸಿ, ಅವನ ಕೈಲಿ ಚಿನ್ನಿಯನ್ನು ಎತ್ತಿಸಿ ಕೊಟ್ಟಿಗೆಗೆ ಸಾಗಿಸಿದೆ. ಇಡೀ ತಾಲೂಕಿಗೆ ಹೆರಿಗೆ ಮಾಡಿಸುವವನು ನಡುಮನೆಯ ಮಣೆಯ ಮೇಲೆ ಕೂತು ಎಳ್ಳು ನೀರು ಬಿಡುತ್ತಿದ್ದೆ. ನನ್ನ ನಾಯಿ ಹಿತ್ತಲಲ್ಲಿ ಒದ್ದಾಡುತ್ತಿತ್ತು. ಅಳು ಬರುವುದೊಂದು ಬಾಕಿ.

ಅಟೆಂಡರ್ ಹಿತ್ತಲ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. "ಸಾ, ನೀರ್ ಒಡೀತು!" "ಸಾ, ಮುಕ್ತಾವ್ಳೆ!" ಸ್ವಲ್ಪ ಹೊತ್ತಿಗೆ, "ಸಾ, ಮೊದಲ್ನೇದು ಬಂತು! ಕರೀದು! ಎಗ್ಣದಂಗೈತೆ ಕಣ್ ಸಾ!"

ಮೊದಲನೆಯದೇ ಹೆಗ್ಗಣದ ಗಾತ್ರವಾದರೆ ಮಿಕ್ಕವುಗಳ ಗತಿಯೇನು ಎಂದು ನನ್ನ ಜೀವ ಅಲ್ಲೇ ಸುತ್ತುತ್ತಿತ್ತು. ಪುರೋಹಿತರು ಮಂತ್ರ ನಿಲ್ಲಿಸಿ, "ತಂದೆಯ ಹೆಸರು ಹೇಳಿ" ಎಂದರು.

"ಹೆಸರೇನೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿರ್ತಾನೆ" ಎಂದೆ.

ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸೌಟು ಬಿತ್ತು.

೪. ಎಮ್ಮೆ ಕೈ

ಎರಡನೆಯದೂ ಹೇಗೋ ಬಂತು. ಆಮೇಲೆ ಹಿತ್ತಲಲ್ಲಿ ಸದ್ದಿಲ್ಲ. ಅಟೆಂಡರ್ ಬಾಗಿಲಿಗೆ ಬಂದಾಗ ಅವನ ಮುಖ ಬಿಳುಚಿತ್ತು.

"ಸಾ, ಮೂರನೇದು ಅರ್ಧಕ್ಕೆ ನಿಂತೋಗೈತೆ. ಕಾಲು ಮಾತ್ರ ಕಾಣ್ತೈತೆ. ಅವ್ಳು ಮುಕ್ತಾನೂ ಇಲ್ಲ, ಕಣ್ ಮ್ಯಾಕ್ ಮಾಡ್ತಾವ್ಳೆ."

"ಎಣ್ಣೆ ಹಚ್ಚಿ ಮೆಲ್ಲಗೆ ಹಿಡಿ. ಅವಳು ಮುಕ್ಕಿದಾಗ ಕೆಳಗಡೆಗೆ ಎಳಿ."

ಅವನು ತನ್ನ ಎರಡು ಕೈಗಳನ್ನೂ ಎತ್ತಿ ತೋರಿಸಿದ. ಒಂದೊಂದು ಬೆರಳೂ ಬಾಳೆಕಾಯಿ ದಪ್ಪ. "ನಂದು ಎಮ್ಮೆ ಕೈ ಸಾ. ಎಳುದ್ರೆ ಮರಿ ಒಂದ್ಕಡೆ, ಕಾಲೊಂದ್ಕಡೆ ಆಯ್ತದೆ."

ನಾನು ಪುರೋಹಿತರ ಮುಖ ನೋಡಿದೆ. ಪಿಂಡಕ್ಕೆ ಅನ್ನ ಕಲಸುವ ಹೊತ್ತು. ಎದ್ದರೆ ಎಲ್ಲವೂ ಮೊದಲಿನಿಂದ. ಎದ್ದರೆ ಅಪ್ಪನಿಗೆ ಅಪಚಾರ, ಏಳದಿದ್ದರೆ ಚಿನ್ನಿ ಇರುವುದಿಲ್ಲ. ಅಮ್ಮ ಸೌಟು ಹಿಡಿದೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು.

ಪುರೋಹಿತರು ಪಂಚಪಾತ್ರೆ ಕೆಳಗಿಟ್ಟರು. "ಏಳಿ ಡಾಕ್ಟ್ರೇ. ನಿಮ್ಮ ತಂದೆ ಒಂದು ವರ್ಷ ಕಾದಿದ್ದಾರೆ, ಇನ್ನರ್ಧ ಗಂಟೆ ಕಾಯ್ತಾರೆ. ಹಿತ್ತಲಲ್ಲಿರೋದು ಕಾಯಲ್ಲ." ಸ್ವಲ್ಪ ತಡೆದು, "ನನ್ನ ಹೊಟ್ಟೆಯೂ ಕಾಯಲ್ಲ, ಬೇಗ ಬನ್ನಿ" ಎಂದರು.

೫. ಮಡಿ ಹೋಯಿತು

ಒದ್ದೆ ಪಂಚೆಯಲ್ಲೇ ಓಡಿದೆ. ಚಿನ್ನಿ ನನ್ನನ್ನು ನೋಡಿ ಬಾಲದ ತುದಿ ಒಂದು ಸಲ ಅಲ್ಲಾಡಿಸಿದಳು, ಅಷ್ಟೇ. ಎಣ್ಣೆ ಹಚ್ಚಿ, ಅವಳ ಹೊಟ್ಟೆ ಸವರಿ, "ಇನ್ನೊಂದು ಸಲ ಕಣೆ, ಇದೊಂದು ಸಲ" ಎಂದು ಗೋಗರೆದೆ. ಮುಕ್ಕಿದಳು. ಮರಿ ಜಾರಿ ಅಂಗೈಗೆ ಬಂತು. ತಾಯಿ ಉಳಿದಳು.

ಮರಿ ಮಾತ್ರ ಉಸಿರಾಡಲಿಲ್ಲ. ಬಾಯೊಳಗಿನ ಲೋಳೆ ತೆಗೆದೆ, ಹೆಗಲ ಮೇಲಿನ ಮಡಿವಸ್ತ್ರದಿಂದ ಉಜ್ಜಿದೆ, ತಲೆ ಕೆಳಗೆ ಮಾಡಿ ಹಿಡಿದೆ. ಏನೂ ಇಲ್ಲ. ಚಿನ್ನಿ ತಲೆಯೆತ್ತಿ ನನ್ನ ಕೈಯನ್ನೇ ನೋಡುತ್ತಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ.

"ಮೂಗ್ಗೆ ಉಲ್ಲಾಕಿ ಸಾ, ಕರೂಗ್ ಆಕ್ದಂಗೆ!" ಎಂದ ಅಟೆಂಡರ್. ಉಸಿರು ಕಟ್ಟಿದ ಕರುವಿಗೆ ಹುಲ್ಲುಕಡ್ಡಿಯಿಂದ ಮೂಗು ಕೆರಳಿಸುವುದು ನಮ್ಮ ದಿನನಿತ್ಯದ ಕಸುಬು. ಆದರೆ ಸೌದೆ ಕೊಟ್ಟಿಗೆಯಲ್ಲಿ ಹುಲ್ಲೆಲ್ಲಿ? ಸುತ್ತಲೂ ಹುಡುಕಿದವನಿಗೆ ನನ್ನ ಬೆರಳೇ ಕಾಣಿಸಿತು. ಪುರೋಹಿತರು ಕಟ್ಟಿಕೊಟ್ಟ ಪವಿತ್ರದ ಉಂಗುರ, ಒಳ್ಳೆ ಗಟ್ಟಿ ದರ್ಭೆ. ಬಿಚ್ಚಿ ಒಂದು ಎಳೆ ಹಿರಿದು ಮರಿಯ ಮೂಗಿನೊಳಗೆ ಆಡಿಸಿದೆ.

ಮರಿ ಸೀನಿತು. ಇನ್ನೊಂದು ಸಲ ಸೀನಿ, ಬಾಯಿ ತೆರೆದು ಕುಂಯ್ ಎಂದಿತು. ಚಿನ್ನಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ನೆಕ್ಕತೊಡಗಿದಳು. ನಾನು ಅಲ್ಲೇ ಸೌದೆಯ ಮೇಲೆ ಕುಸಿದು ಕೂತು ಅತ್ತುಬಿಟ್ಟೆ.

ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ಪುರೋಹಿತರು. ನನ್ನ ಕೈಯಲ್ಲಿದ್ದ ಲೋಳೆ ಹತ್ತಿದ ದರ್ಭೆಯನ್ನೇ ನೋಡುತ್ತಿದ್ದರು. ಮುಗಿಯಿತು, ಇನ್ನು ಬೈಗುಳ ಎಂದುಕೊಂಡೆ.

"ಮೂವತ್ತು ವರ್ಷದಿಂದ ಮನೆಮನೆಗೂ ದರ್ಭೆ ಕೊಡ್ತಾ ಇದ್ದೀನಿ ಡಾಕ್ಟ್ರೇ" ಎಂದರು ಅವರು. "ಕೊಟ್ಟಿದ್ದು ಒಂದು ಜೀವಕ್ಕೆ ಮುಟ್ಟಿದ್ದನ್ನ ಕಣ್ಣಾರೆ ನೋಡಿದ್ದು ಇದೇ ಮೊದಲು."