ಹನ್ನೊಂದು ಗಂಟೆಯ ಡ್ರೋನು

"ಗಾದ್ರಪ್ಪ, ಹನ್ನೊಂದು ಗಂಟೆಗೆ ಡ್ರೋನ್ ಬರ್ತೈತೆ, ನಿಮ್ಮ ಟ್ಯಾಂಕ್ ನೋಡಾಕೆ" ಎಂದು ಪಿಡಿಒ ಯಶೋಧರಾ ಮೇಡಂ ಫೋನ್ ಇಟ್ಟರು. ನೀರುಗಂಟಿ ಗಾದ್ರಪ್ಪನ ಬಾಯಲ್ಲಿದ್ದ ಮಂಡಕ್ಕಿ ಅಲ್ಲೇ ಮೆತ್ತಗಾಯಿತು.

ಬಿಳಿಚೋಡು ದಾಟಿದರೆ ಸಿಗುವ ಆ ಊರಿಗೆ ನೀರು ಬಿಡುವವನು ಅವನೇ. ಹದಿನೈದು ದಿನಕ್ಕೊಮ್ಮೆ ಟ್ಯಾಂಕ್ ತೊಳೆದು, ತೊಳೆದ ತಾರೀಕನ್ನು ಅದರ ಕಂಬದ ಮೇಲೆ ಬರೆಯಬೇಕು. ಗಾದ್ರಪ್ಪ ಒಂದು ವರ್ಷದಿಂದ ತಾರೀಕನ್ನು ಮಾತ್ರ ತಪ್ಪದೆ ಬರೆದಿದ್ದ. ಎತ್ತರವೆಂದರೆ ಅವನಿಗೆ ಜೀವಭಯ. ಮನೆಯಲ್ಲಿ ಸ್ಟೂಲ್ ಹತ್ತಿ ಬಲ್ಬ್ ಹಾಕುವುದೂ ಹೆಂಡತಿ ದುರುಗಮ್ಮನ ಪಾಲಿನ ಕೆಲಸ.

ಈಗ ಗಂಟೆ ಎಂಟು. "ಸತ್ರೂ ಸರಿ, ಇವತ್ತು ಹತ್ತೇ ಹತ್ತೀನಿ" ಎಂದು ಎದ್ದ. ವಾಲ್ವ್ ತಿರುಗಿಸಿ ಟ್ಯಾಂಕಿನ ನೀರು ಹೊರಬಿಟ್ಟ. ಸೊಂಟಕ್ಕೆ ಬ್ರಷ್ಷು, ಕೈಗೆ ಬಕೆಟ್ಟು, ಹೆಗಲಿಗೆ ಹಗ್ಗ. ಕಣ್ಣು ಮುಚ್ಚಿಕೊಂಡು, ದೇವರ ಹೆಸರು ಹೇಳುತ್ತ, ಏಣಿಗೆ ಉಡದ ಹಾಗೆ ಕಚ್ಚಿಕೊಂಡು ಹತ್ತತೊಡಗಿದ.

ನೀರು ನೆಟ್ಟಗೆ ದ್ಯಾಮಮ್ಮನ ಅಂಗಳಕ್ಕೆ ನುಗ್ಗಿ ಒಣಗಹಾಕಿದ್ದ ಸಂಡಿಗೆಯನ್ನು ತೇಲಿಸಿಕೊಂಡು ಹೋಯಿತು. ಬೈಯಲು ಹೊರಬಂದ ಮುದುಕಿ ತಲೆಯೆತ್ತಿ ನೋಡಿ ಎದೆ ಬಡಿದುಕೊಂಡಳು.

"ಅಯ್ಯಯ್ಯೋ! ಗಾದ್ರಪ್ಪ ಹಗ್ಗ ತಗಂಡು ಮ್ಯಾಲೆ ಹೊಂಟಾನೆ! ಬರ್ರಪ್ಪೋ!"

ಚಾದಂಗಡಿ ಕೆಂಚೇಶ್ ಒಲೆ ಮೇಲಿನ ಹಾಲು ಬಿಟ್ಟು ಓಡಿಬಂದ. ಹಿಂದೆಯೇ ಅರ್ಧ ಊರು.

"ಗಾದ್ರಣ್ಣ, ದುಡುಕಬ್ಯಾಡ! ಏನೈತೆ ಬಾಯಿಬಿಟ್ಟು ಹೇಳು!"

"ಏನೂ ಇಲ್ಲ ಕಣೋ! ಹನ್ನೊಂದ್ರೊಳಗೆ ಎಲ್ಲಾ ಮುಗಿಸ್ಬೇಕು!"

"ಟೈಮ್ ಇಟ್ಕಂಡೇ ಹೊಂಟಾನಲ್ರೋ!" ಎಂದು ಕೆಂಚೇಶ್ ತಲೆ ಮೇಲೆ ಕೈಹೊತ್ತ.

ದುರುಗಮ್ಮ ಹಿಟ್ಟಿನ ಕೈಯಲ್ಲೇ ಬಂದಳು. "ಇಳೀರಿ ಕೆಳಗೆ! ಇನ್ನು ಮ್ಯಾಲೆ ನಿಮ್ಮವ್ವನ ಬಗ್ಗೆ ಒಂದ್ಮಾತು ಆಡಲ್ಲ!"

ಹದಿನೆಂಟು ವರ್ಷದಲ್ಲಿ ಮೊದಲ ಸಲ ಸಿಕ್ಕ ಮಾತು! ಆಸೆಯಾಗಿ ಗಾದ್ರಪ್ಪ ಕಣ್ಣು ಬಿಟ್ಟು ಕೆಳಗೆ ನೋಡಿದ. ಊರು ಬುಗುರಿಯಂತೆ ತಿರುಗಿತು. ಇಳಿಯುವುದಕ್ಕಿಂತ ಹತ್ತುವುದೇ ಹತ್ತಿರವೆನಿಸಿ ಮತ್ತೆ ಕಣ್ಣು ಮುಚ್ಚಿ ಹತ್ತಿದ.

ಒಳಗೆ ಎಮ್ಮೆ ಚರ್ಮದಷ್ಟು ದಪ್ಪ ಪಾಚಿ. ಹಲ್ಲು ಕಚ್ಚಿ ಉಜ್ಜಿದ. ಕೆಳಗೆ ಜನ ಅವನನ್ನು ಹಿಡಿಯಲೆಂದು ಕಂಬಳಿ ಹರಡಿ ನಿಂತಿದ್ದರು. ಅವನ ಬದಲು ಬಕೆಟ್ಟಿನ ಮೇಲೆ ಬಕೆಟ್ಟು ಹಸಿರು ರಾಡಿ ಬಂದು ಅವರ ತಲೆ ಮೇಲೆ ಬಿತ್ತು. ಆಗ ಊರಿಗೆ ವಿಷಯ ಅರ್ಥವಾಯಿತು. ಕಂಬಳಿ ಹಿಡಿದವರೆಲ್ಲ ಈಗ ಕಲ್ಲು ಹುಡುಕತೊಡಗಿದರು.

ಸರಿಯಾಗಿ ಹನ್ನೊಂದಕ್ಕೆ ಡ್ರೋನು ಕಡಜದಂತೆ ಗುಂಯ್‌ಗುಟ್ಟುತ್ತ ಬಂದು ಟ್ಯಾಂಕಿಗೆ ಮೂರು ಸುತ್ತು ಹಾಕಿತು. ಗಾದ್ರಪ್ಪ ಮೇಲಿನ ಬಾಯಿಂದ ತಲೆ ಹೊರಹಾಕಿ ಅದಕ್ಕೆ ಕೈಮುಗಿದ. ಆಮೇಲೆ ಒಂದೊಂದೇ ಮೆಟ್ಟಿಲಿಗೆ ಬೆವರುತ್ತ ಇಳಿದು, ಡ್ರೋನ್ ಜೊತೆ ಬಂದು ಕೆಳಗೆ ನಿಂತಿದ್ದ ಯಶೋಧರಾ ಮೇಡಂ ಹತ್ತಿರ ಹೋದ.

"ಮೇಡಂ, ಕನ್ನಡಿ ಹಂಗೆ ತೊಳ್ದೀನಿ. ಡ್ರೋನ್‌ನಾಗೆ ಕಾಣ್ತಾ?"

ಜಗಳೂರಿನಿಂದ ಬಂದಿದ್ದ ಇಂಜಿನಿಯರ್ ಬೆಚ್ಚಿಬಿದ್ದ. "ತೊಳ್ಯಾಕೆ ಹತ್ತಿದ್ರಾ? ಇದು ಬರೋ ವಾರ ಕೆಡವೋ ಟ್ಯಾಂಕು ಕಣ್ರೀ! ಬಿರುಕು ಎಷ್ಟೈತೆ ಅಂತ ನೋಡಾಕೆ ಬಂದ್ವಿ. ಮನುಷ್ಯರು ಹತ್ತಿದ್ರೆ ಕುಸಿದೀತು ಅಂತಲೇ ಡ್ರೋನ್ ತಂದಿದ್ದು!"

ಗಾದ್ರಪ್ಪ ರಾಡಿಯಲ್ಲೇ ಕೂತ.

"ಆದ್ರೂ ಮೇಡಂ," ಇಂಜಿನಿಯರ್ ಮೆಚ್ಚಿ ಹೇಳಿದ, "ಇಂಥ ಧೈರ್ಯಸ್ಥ ಎಲ್ಲೂ ಸಿಗಲ್ಲ. ಹೊಸ ಟ್ಯಾಂಕ್ ಇದರ ಎರಡರಷ್ಟು ಎತ್ತರ. ಅದಕ್ಕೆ ಇವರೇ ಸರಿ."

"ಸುತ್ತಲ ನಾಕೂರಿನ ಟ್ಯಾಂಕೂ ಇವರಿಗೇ ವಹಿಸ್ತೀನಿ" ಎಂದರು ಮೇಡಂ.

ಗಾದ್ರಪ್ಪ ಅಳುಮೋರೆಯಲ್ಲಿ ಕೇಳಿದ: "ಮೇಡಂ, ಆ ಡ್ರೋನ್‌ಗೆ ತೊಳ್ಯಾಕೆ ಬರಲ್ವಾ?"

"ಇಲ್ಲ ಗಾದ್ರಪ್ಪ. ನೀವು ತೊಳೆದದ್ದು ನೋಡಾಕೆ ಮಾತ್ರ ಬರ್ತೈತೆ. ಇನ್ನು ಮ್ಯಾಲೆ ಹದಿನೈದು ದಿನಕ್ಕೊಂದ್ಸಲ, ತಪ್ಪದೆ."